ನಾನು, ದುಂಡವ್ವನ ಸೊಂಟದ ಪಟ್ಟಿ

ನಾನು ಸೊಂಟಕ್ಕೆ ಕಟ್ಟುವ ಒಂದು ಪಟ್ಟಿ. ಜನ ನನ್ನನ್ನು ಬೆಲ್ಟು ಎನ್ನುತ್ತಾರೆ. ನನ್ನನ್ನು ಹೊಲಿದವಳಿಗೂ ಸೊಂಟನೋವಿತ್ತು. ತಗಡಿನ ಚಾವಣಿಯ ಕಾರ್ಖಾನೆಯೊಂದರಲ್ಲಿ ಬೆಳಗಿನಿಂದ ಬೆನ್ನು ಬಾಗಿಸಿ ಕೂತಿದ್ದ ಆಕೆ, ನನ್ನ ಒಳಗೆ ಉಕ್ಕಿನ ಪಟ್ಟಿಗಳನ್ನು ತೂರಿಸಿ, ಅಂಚು ಹೊಲಿದು, ದಾರ ಕಡಿದಳು. ಮೇಸ್ತ್ರಿ ಅತ್ತ ತಿರುಗಿದಾಗ ನನ್ನನ್ನು ತನ್ನ ಸೊಂಟಕ್ಕೇ ಸುತ್ತಿ ನೋಡಿ, ಒಂದು ಉಸಿರು ಬಿಟ್ಟಳು. ಮೇಸ್ತ್ರಿ ಇತ್ತ ತಿರುಗಿದ. ನಾನು ಡಬ್ಬಿ ಸೇರಿದೆ. ನೋವಿರುವ ಹೆಂಗಸು ಯಾರೂ ನೋಡದಾಗ ಬಿಡುವ ಉಸಿರು ಹೇಗಿರುತ್ತದೆಂದು ನನಗೆ ಹುಟ್ಟಿದ ದಿನವೇ ತಿಳಿಯಿತು.

ಗದಗಿನ ಔಷಧದ ಅಂಗಡಿಯಿಂದ ನನ್ನನ್ನು ಕೊಂಡವನು ವಿರೂಪಾಕ್ಷಪ್ಪ. ಬಸ್ಸಿನ ಚಾಲಕ. ದೊಡ್ಡ ದನಿ, ಸಣ್ಣ ಧೈರ್ಯ. ಕಟ್ಟಿಕೊಂಡ ಮೇಲೆ ಸರಿಯಾಗಿದೆಯೋ ಇಲ್ಲವೋ ನೋಡಿಸಲು, ಮೊದಲು ಸೊಂಟನೋವು ತೋರಿಸಿದ್ದ ಡಾಕ್ಟರ್ ಶೈಲಜಾ ಅವರ ಹತ್ತಿರ ಮತ್ತೆ ಹೋದ. ಅವರು ಅವನನ್ನು ತುದಿಗಾಲಲ್ಲಿ ನಡೆಸಿದರು, ಹಿಮ್ಮಡಿಯ ಮೇಲೆ ನಡೆಸಿದರು, ಮಲಗಿಸಿ ಒಂದೊಂದೇ ಕಾಲನ್ನು ನೇರವಾಗಿ ಮೇಲೆತ್ತಿದರು, ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು.

"ಸ್ನಾಯು ಹಿಡಕೊಂಡದ, ಅಷ್ಟ. ಹಾಸಿಗಿ ಹಿಡದು ಮಲಗಬ್ಯಾಡ್ರಿ. ಆದಷ್ಟು ಅಡ್ಡಾಡ್ರಿ. ಕೆಲವು ವಾರದಾಗ ತಾನಾಗೇ ಹೋಗ್ತದ."

"ಒಂದು ಎಕ್ಸ್‌ರೇ ಫೋಟೋನಾದ್ರೂ ತಗೀರಿ ಮೇಡಂ, ಸಮಾಧಾನ ಆಗತೈತಿ."

"ಸಮಾಧಾನಕ್ಕ ಫೋಟೋ ತಗೀಬೇಕಾದ್ರ ಸ್ಟುಡಿಯೋಕ್ಕ ಹೋಗ್ರಿ. ಈ ಬೆಲ್ಟೂ ಸ್ವಲ್ಪ ದಿನ, ಬಸ್ಸು ಹೊಡಿಯೋವಾಗಷ್ಟ." ಆಮೇಲೆ ಅವರ ದನಿ ಬದಲಾಯಿತು. "ಆದ್ರ ಒಂದು ಮಾತು ನೆನಪಿಡ್ರಿ. ಕಾಲಿನ ಶಕ್ತಿ ಕಡಿಮಿ ಆದ್ರ, ಮೂತ್ರ ನಿಂತ್ರ, ಕುಂದ್ರೋ ಜಾಗ ಜೋಮು ಹಿಡದು ಸ್ಪರ್ಶ ತಿಳೀದಂಗ ಆದ್ರ, ನಾಳೆ ಅನ್ನಬ್ಯಾಡ್ರಿ. ಅವತ್ತೇ ಓಡಿ ಬರ್ರಿ. ತಡ ಮಾಡಿದ್ರ ಹೋದದ್ದು ತಿರುಗಿ ಬರೂದಿಲ್ಲ."

ವಿರೂಪಾಕ್ಷಪ್ಪ ಮನೆಗೆ ಬಂದು ಹೆಂಡತಿ ನೀಲಮ್ಮನ ಮುಂದೆ ಕೂರುವ ಜಾಗದ ಆ ಮಾತನ್ನು ಹೇಳಿ ಬಿದ್ದು ಬಿದ್ದು ನಕ್ಕ. ನಕ್ಕು ಮರೆತ. ನಾನು ಮರೆಯಲಿಲ್ಲ. ನನಗೆ ನಗಲು ಬಾಯಿಯಿಲ್ಲ, ಹೇಳಲೂ ಇಲ್ಲ.

ಡಾಕ್ಟರ ಮಾತು ಸಾಲದೆ ಅವನು ಒಂದು ಭಾನುವಾರ ದುಂಡವ್ವನ ಮನೆಗೂ ಹೋದ. ಆ ಕಡೆ ಒಂದು ನಂಬಿಕೆಯಿದೆ: ಕಾಲು ಮುಂದಾಗಿ ಹುಟ್ಟಿದವರು ಬಲಗಾಲಿನಿಂದ ಸೊಂಟ ತುಳಿದರೆ ಹಿಡಿದ ಸೊಂಟ ಬಿಡುತ್ತದೆ. ದುಂಡವ್ವ ಹಾಗೆ ಹುಟ್ಟಿದವಳು. ಹೊಸ್ತಿಲ ಮೇಲೆ ಅಡ್ಡ ಬೋರಲು ಮಲಗಿದವರ ಸೊಂಟದ ಮೇಲೆ ಅವಳು ಬಲಗಾಲಿಟ್ಟು, ಹಣ್ಣು ಪಕ್ವವಾಗಿದೆಯೇ ಎಂದು ಬೆರಳಿನಿಂದ ನೋಡುವಷ್ಟೇ ಮೆಲ್ಲಗೆ ಒತ್ತುತ್ತಿದ್ದಳು. ವಿರೂಪಾಕ್ಷಪ್ಪನ ನೋವು ಅದಾಗಲೇ ಇಳಿಯುತ್ತಿತ್ತು. ಪೂರ್ತಿ ಇಳಿದಾಗ ಹೆಸರು ದುಂಡವ್ವನ ಕಾಲಿಗೆ ಬಂತು. ಅವನು ನನ್ನನ್ನು ಮಡಚಿ ಅವಳ ಕೈಗಿತ್ತ. "ನಿನ್ನ ಕಡೆ ಬರೋರಿಗೆ ಉಪಯೋಗಕ್ಕ ಬರತೈತಿ, ಇಟ್ಕೋಬೇ."

ಹೀಗೆ ನಾನು ಅವಳ ಮನೆಯ ಮೊಳೆಗೆ ಬಂದೆ.

ದುಂಡವ್ವ ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಡುವವಳು. ನೆಲದ ಮೇಲೆ ಕೂತು, ಮುಂದಕ್ಕೆ ಬಾಗಿ, ಒಲೆಯ ಕಡೆಗೊಮ್ಮೆ ಹಲಗೆಯ ಕಡೆಗೊಮ್ಮೆ ಸೊಂಟ ತಿರುಗಿಸುತ್ತ ವರ್ಷಗಳನ್ನು ಕಳೆದಿದ್ದಳು. ಮಗ ಲಾರಿಯ ಮೇಲೆ ಹೋದರೆ ಬೇಗ ಬರುವವನಲ್ಲ. ಮನೆಯಲ್ಲಿ ಅವಳು ಮತ್ತು ಸೊಸೆ ಚಂಪಾ. ಚಂಪಾ ಕೈಯೂ ಚುರುಕು, ನಾಲಿಗೆಯೂ ಚುರುಕು. "ಊರ ಮಂದೀನೆಲ್ಲಾ ತುಳೀತಿ ಅತ್ತಿ, ಆದ್ರೂ ನಿನಗ ಕೈ ಮುಗೀತಾರ. ನಾ ಒಂದು ಮಾತಂದ್ರ ಮೂರು ಮನಿ ಜಗಳಕ್ಕ ಬರತಾವು," ಎನ್ನುತ್ತಿದ್ದಳು.

ಆ ಕಾಲು ದುಂಡವ್ವನ ಪಾಲಿಗೆ ಏನಾಗಿತ್ತೆಂದು ಚಂಪಾಗೆ ಗೊತ್ತಿರಲಿಲ್ಲ. ನನಗೆ ನಿಧಾನವಾಗಿ ತಿಳಿಯಿತು. ಕಾಲು ಮುಂದಾಗಿ ಬಂದ ಆ ಹೆರಿಗೆಯಲ್ಲೇ ಅವಳ ತಾಯಿ ತೀರಿಕೊಂಡಿದ್ದಳು. ಅವ್ವನನ್ನು ಒದ್ದು ಬಂದವಳು ಎಂದು ಓಣಿಯ ಹೆಂಗಸರು ಅವಳೆದುರಿಗೇ ಆಡಿಕೊಂಡಿದ್ದರು. ದೊಡ್ಡವಳಾದ ಮೇಲೆ ಅದೇ ಓಣಿಯವರು ಅದೇ ಕಾಲನ್ನು ಹುಡುಕಿಕೊಂಡು ಬಂದರು. ಅದು ಅವಳಿಗೆ ಸಿಕ್ಕ ಕ್ಷಮೆಯಂತಿತ್ತು. ಸ್ನಾನ ಮಾಡುವಾಗ ಬಲಗಾಲನ್ನು ಅವಳು ಎರಡು ಸಲ ತೊಳೆಯುತ್ತಿದ್ದಳು.

ಒಂದು ಮಧ್ಯಾಹ್ನ ಹಿಟ್ಟಿನ ಚೀಲವನ್ನು ನೆಲದಿಂದ ಎತ್ತಿ, ಎತ್ತಿದವಳು ಹಾಗೆಯೇ ಪಕ್ಕಕ್ಕೆ ತಿರುಗಿದಳು. ಚೀಲ ಬಿತ್ತು. ಅವಳು ಗೋಡೆ ಹಿಡಿದು ನಿಂತಳು. ಚಂಪಾ ಕುಡಿಯುವ ನೀರಿಗೆ ಹೋಗಿದ್ದಳು. ದುಂಡವ್ವ ಗೋಡೆ ಸವರುತ್ತ ಬಂದು ನನ್ನನ್ನು ಮೊಳೆಯಿಂದ ತೆಗೆದು, ಸೀರೆಯ ಒಳಗೆ ಲಂಗದ ಮೇಲೆ ಸುತ್ತಿಕೊಂಡಳು. ನಾನು ಹುಟ್ಟಿದ ದಿನ ಕೇಳಿದ ಉಸಿರನ್ನು ಮತ್ತೆ ಕೇಳಿದೆ.

ಸೊಂಟ ತುಳಿಯುವವಳ ಸೊಂಟವೇ ಹಿಡಿದಿದೆ ಎಂದು ತಿಳಿದರೆ ಯಾರು ಬರುತ್ತಾರೆ? ಬರದಿದ್ದರೆ ಆ ಕಾಲು ಮತ್ತೆ ಅವ್ವನನ್ನು ಒದ್ದ ಕಾಲೇ. ಇದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಬಾಗಿಲಲ್ಲಿ ಯಾರದಾದರೂ ನೆರಳು ಬಿದ್ದೊಡನೆ ಅವಳ ಹೊಟ್ಟೆ ಬಿಗಿಯುವುದು ನನಗೆ ಮುಟ್ಟುತ್ತಿತ್ತು.

ನೋವು ಸೊಂಟದಿಂದ ಪೃಷ್ಠಕ್ಕೆ, ಅಲ್ಲಿಂದ ತೊಡೆಯ ಹಿಂಭಾಗಕ್ಕೆ, ಮೀನಖಂಡಕ್ಕೆ, ಬಲಗಾಲಿನ ಅಂಚಿಗೆ ಬಿಸಿ ತಂತಿ ಎಳೆದಂತೆ ಇಳಿಯಿತು. ಕೆಮ್ಮಿದರೆ ಕಣ್ಣು ಕತ್ತಲಾಗುತ್ತಿತ್ತು. ಅವಳು ನನ್ನನ್ನು ಬಿಗಿದಳು. ಮರುವಾರ ಎಡಗಾಲಿಗೂ ಇಳಿಯಿತು. ಇನ್ನೂ ಬಿಗಿದಳು. ಆಮೇಲೆ ಒಂದು ದಿನ ನೋವು ತಟ್ಟನೆ ಕಡಿಮೆಯಾದಂತಾಯಿತು. ಅವಳಿಗೆ ಸಂತೋಷ. ನನಗೆ ಭಯ. ನೋವು ಹೋದ ಜಾಗದಲ್ಲಿ ಜೋಮು ಬಂದು ಕೂತಿತ್ತು. ತೊಡೆಗಳ ಸಂದಿನಲ್ಲಿ, ಕೂರುವ ಜಾಗದಲ್ಲಿ ಸೀರೆಯ ಬಟ್ಟೆ ಮುಟ್ಟಿದ್ದೂ ಅವಳಿಗೆ ತಿಳಿಯುತ್ತಿರಲಿಲ್ಲ.

ಅವಳು ತಪ್ಪು ತಿಳಿದುಕೊಂಡಳು. "ಈ ಸುಡಗಾಡು ಬೆಲ್ಟು ಬಿಗಿ ಆಗೇತಿ, ಅದಕ್ಕ ಜೋಮು ಹಿಡದೈತಿ," ಎಂದು ನನ್ನನ್ನು ಬೈದು ಸಡಿಲಿಸಿದಳು. ಜೋಮು ಹೋಗಲಿಲ್ಲ. ಸಡಿಲವಾದರೆ ನಿಲ್ಲಲಾಗಲಿಲ್ಲ. ಮತ್ತೆ ಬಿಗಿದಳು. ನಾನಲ್ಲ ತಾಯೀ, ನಾನಲ್ಲ ಎಂದು ನನ್ನ ಹೊಲಿಗೆಗಳೆಲ್ಲ ಕೂಗಿದವು. ಬಟ್ಟೆಯ ಕೂಗು ಬಟ್ಟೆಗಷ್ಟೇ ಕೇಳಿಸುತ್ತದೆ.

ಶನಿವಾರ ಅವಳು ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೂತಳು. ನಲ್ಲಿ ಬಿಟ್ಟಳು. ಕಿಬ್ಬೊಟ್ಟೆ ಕೊಡದಂತೆ ತುಂಬಿ ನನ್ನ ಕೆಳಗಿನ ಅಂಚನ್ನು ನೂಕುತ್ತಿತ್ತು. ಏನೂ ಬರಲಿಲ್ಲ. ತುಂಬಿದ್ದು ಅವಳಿಗೆ ತಿಳಿಯುತ್ತಲೂ ಇರಲಿಲ್ಲ.

"ಒಳಗ ನಿದ್ದಿ ಹೋದ್ಯೇನ ಅತ್ತಿ? ನಲ್ಲಿ ನೀರು ಹರಕೊಂಡು ಸ್ಟೇಷನ್‌ಗೆ ಹೊಂಟೈತಿ!" ಹೊರಗಿನಿಂದ ಚಂಪಾ ಕೂಗಿದಳು.

"ಬಂದೆ, ಸುಮ್ಕಿರ."

ಡಾಕ್ಟರು ಹೇಳಿದ ಒಂದೊಂದು ಮಾತೂ ನನ್ನ ಕೆಳಗೆ ನಿಜವಾಗುತ್ತಿತ್ತು. ಅವತ್ತೇ ಓಡಿ ಬರ್ರಿ. ಅವತ್ತು ಬಂದಿತ್ತು. ದುಂಡವ್ವ ಅಂಥ ಮಾತನ್ನು ಗಂಡ ಬದುಕಿದ್ದಾಗ ಅವನಿಗೂ ಹೇಳಿದವಳಲ್ಲ, ಸೊಸೆಗೆ ಹೇಳಿಯಾಳೇ? ಅವಳು ನೀರು ಕುಡಿಯುವುದನ್ನು ಬಿಟ್ಟಳು.

ಭಾನುವಾರ ಬೆಳಿಗ್ಗೆ ವಿರೂಪಾಕ್ಷಪ್ಪನೇ ಬಂದ, ನೀಲಮ್ಮನನ್ನು ಕರೆದುಕೊಂಡು. ನೀಲಮ್ಮನಿಗೆ ಬಟ್ಟೆ ಒಗೆದು ಸೊಂಟ ಹಿಡಿದಿತ್ತು. ಅವಳು ಹೊಸ್ತಿಲ ಮೇಲೆ ಬೋರಲು ಮಲಗಿದಳು. ದುಂಡವ್ವ ಬಾಗಿಲ ಚೌಕಟ್ಟು ಹಿಡಿದು ಬಲಗಾಲು ಎತ್ತಿದಳು. ಅದು ಎತ್ತಿದಷ್ಟು ಏಳಲಿಲ್ಲ, ಪಾದ ಜೋತುಬಿತ್ತು. ಹೇಗೋ ಸೊಂಟದ ಮೇಲೆ ಇಟ್ಟಳು. ಅವಳ ಕಾಲಿಗೆ ಬೆನ್ನು ಸಿಗಲಿಲ್ಲ. ಇನ್ನೂ ಕೆಳಗಿದೆ ಎಂದುಕೊಂಡು ಒತ್ತಿದಳು. ಸಿಗಲಿಲ್ಲ. ಇನ್ನೂ ಒತ್ತಿದಳು.

"ಸಾಕಬೇ! ಯವ್ವಾ, ಸತ್ತೆ, ಸಾಕು!" ನೀಲಮ್ಮ ಕಿರುಚಿದಳು.

ದುಂಡವ್ವ ಕೆಳಗೆ ನೋಡಿದಳು. ಅವಳ ಇಡೀ ಭಾರ ನೀಲಮ್ಮನ ಮೇಲಿತ್ತು. ವಿರೂಪಾಕ್ಷಪ್ಪ ಹೆಂಡತಿಯನ್ನು ಎಳೆದುಕೊಂಡ. ಚಂಪಾ ಓಡಿಬಂದು ಅತ್ತೆಯನ್ನು ಹಿಡಿದು ಕೂರಿಸಿದಳು. ಆಗ ಅವಳ ಕಣ್ಣು ಆ ಪಾದದ ಮೇಲೆ ಬಿತ್ತು. ಕಿರುಬೆರಳಿನ ಪಕ್ಕ ದೊಡ್ಡ ಗುಳ್ಳೆ ಎದ್ದು, ಒಡೆದು, ಕೆಂಪಾಗಿತ್ತು.

"ಅತ್ತಿ, ಇದ್ಯಾವಾಗ ಸುಟ್ಕೊಂಡಿ?"

"ಎಲ್ಲಿ? ಸುಟ್ಟಿಲ್ಲಲ್ಲ."

"ಕಣ್ಣ ಮುಂದ ಐತಿ, ಸುಟ್ಟಿಲ್ಲ ಅಂತಿ! ಒಲಿ ಕೆಂಡ ಬಿದ್ದು ತೊಗಲು ಹೋಗೈತಿ. ಉರೀಲಿಲ್ಲೇನ?"

ದುಂಡವ್ವ ಆ ಗಾಯವನ್ನು ಮುಟ್ಟಿದಳು. ಬೆರಳಿಗೆ ಗಾಯ ತಿಳಿಯಿತು, ಗಾಯಕ್ಕೆ ಬೆರಳು ತಿಳಿಯಲಿಲ್ಲ. ಚಂಪಾ ಗಂಡಹೆಂಡತಿಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿದಳು. ಸೆರಗು ಸರಿಸಿ ನನ್ನನ್ನು ಕಂಡಳು. ಬೈಯುತ್ತಾಳೆಂದುಕೊಂಡೆ. ಅವಳು ಬೈಯಲಿಲ್ಲ. ಅತ್ತೆಯ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು.

"ನನ್ನ ಮುಂದಲ್ದ ಯಾರ ಮುಂದ ಹೇಳ್ತಿ? ನಾನೂ ಹೆಂಗಸು ಅದೀನಲ್ಲ."

ದುಂಡವ್ವ ಹಾಕಿದ ಬಾಗಿಲ ಕಡೆ ನೋಡಿದಳು. ಹೊಟ್ಟೆ ಒಮ್ಮೆ ಬಿಗಿಯಿತು. ಬಿಟ್ಟಿತು.

"ಚಂಪಾ, ನಿನ್ನೆಯಿಂದ ಉಚ್ಚಿ ಹೋಗಿಲ್ಲ. ಕುಂತ್ರ ಕುಂಡಿ ನಂದೋ ಮಂದೀದೋ ತಿಳೀವಲ್ದು."

ಚಂಪಾ ಬಾಗಿಲು ತೆಗೆದು ಅದನ್ನೇ ನಾಚದೆ ಹೊರಗಿನವರಿಗೆ ಹೇಳಿದಳು. ಗೋಡೆ ಹಿಡಿದು ನಿಂತಿದ್ದ ನೀಲಮ್ಮ ಗಂಡನ ಮುಖ ನೋಡಿದಳು. "ಅವತ್ತು ನೀವು ನಕ್ಕೋತ ಹೇಳಿದ ಮಾತು ಇದ ಅಲ್ಲೇನ್ರಿ?"

ವಿರೂಪಾಕ್ಷಪ್ಪನ ದೊಡ್ಡ ದನಿ ಎಲ್ಲೋ ಹೋಯಿತು. "ಅವತ್ತೇ ಬಾ ಅಂದಿದ್ರು," ಎಂದವನೇ ಆಟೋ ತರಲು ಓಡಿದ.

ಶೈಲಜಾ ಡಾಕ್ಟರು ಮೊದಲು ನಳಿಕೆ ಹಾಕಿಸಿ ಮೂತ್ರ ತೆಗೆಸಿದರು. ಸ್ಕ್ಯಾನ್ ಆಯಿತು. ಬೆನ್ನಿನ ಮಣಿಗಳ ನಡುವಿನ ಮೆತ್ತೆ ಜಾರಿ, ಕಾಲಿಗೂ ಮೂತ್ರಕೋಶಕ್ಕೂ ಹೋಗುವ ನರಗಳ ಗೊಂಚಲನ್ನೇ ಅಮುಕಿದೆ, ಇವತ್ತೇ ಬಿಡಿಸಬೇಕು ಎಂದರು. ಹುಬ್ಬಳ್ಳಿಗೆ ಹೋಗಲು ಆಂಬುಲೆನ್ಸ್ ಕರೆಸಿದರು.

"ಈ ಬೆಲ್ಟು ಬಿಗದು ಹಿಂಗಾತೇನ್ರಿ?" ಚಂಪಾ ಕೇಳಿದಳು.

"ಬೆಲ್ಟಿಂದಲ್ಲವ್ವಾ. ಬಾಯಿ ಬಿಗಿ ಹಿಡದದ್ದಕ್ಕ."

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ಚಂಪಾ ನನ್ನನ್ನು ಎರಡೂ ಕೈಯಲ್ಲಿ ಹಿಂಡುತ್ತ ಕೂತಳು. ಅತ್ತೆ ಇನ್ನು ನಡೆಯುತ್ತಾಳೋ ಇಲ್ಲವೋ, ಬಚ್ಚಲಿಗೆ ತಾನೇ ಹೋಗುತ್ತಾಳೋ, ಉಳಿದ ಬಾಳೆಲ್ಲ ನಳಿಕೆಯೋ ಯಾರಿಗೂ ಗೊತ್ತಿರಲಿಲ್ಲ. ಅವಳ ಅಂಗೈ ಬೆವರಿನಲ್ಲಿ ನಾನು ಒದ್ದೆಯಾದೆ.

ಮೂತ್ರದ ಅರಿವು ಬರಲು ಬಹಳ ದಿನ ಹಿಡಿಯಿತು. ಬಂದ ಬೆಳಿಗ್ಗೆ ದುಂಡವ್ವ ಬಚ್ಚಲಿನಿಂದಲೇ ಕೂಗಿದಳು. "ಚಂಪಾ, ಬಂತು!" ಚಂಪಾ ಹೊರಗೆ ನಿಂತು ನಕ್ಕಳು, ಅತ್ತಳು. "ಓಣಿಗೆಲ್ಲಾ ಸಕ್ರಿ ಹಂಚಲೇನ ಅತ್ತಿ?"

ನಡಿಗೆಯೂ ಬಂತು. ಬಲ ಪಾದ ಮಾತ್ರ ಪೂರ್ತಿ ಮರಳಲಿಲ್ಲ. ಬೆರಳುಗಳು ಏಳುವುದಿಲ್ಲ, ಚಪ್ಪಲಿ ಜಾರಿದರೆ ತಿಳಿಯುವುದಿಲ್ಲ. ಜನ ಬರುವುದು ಕಡಿಮೆಯಾಗುತ್ತದೆಂದು ಅವಳು ಹೆದರಿದ್ದಳು. ಕಡಿಮೆಯಾಯಿತು ನಿಜ, ನಿಲ್ಲಲಿಲ್ಲ. ಬಂದವರನ್ನು ಈಗ ಅವಳು ಹೊಸ್ತಿಲ ಮೇಲೆ ಮಲಗಿಸುವುದಿಲ್ಲ. ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ನಾಚಿ ತಲೆ ತಗ್ಗಿಸಿದ ಹೆಂಗಸರನ್ನು ಗಲ್ಲ ಹಿಡಿದು ಕೇಳುತ್ತಾಳೆ: "ಉಚ್ಚಿ ಸರಿಯಾಗಿ ಹೊಂಟೈತೇನ? ಕುಂದ್ರೂ ಜಾಗ ತಿಳೀತೈತೇನ?" ಹೌದೆಂದವರಿಗೆ ಅಡ್ಡಾಡು ಎನ್ನುತ್ತಾಳೆ, ನೋವು ಇಳಿಯದಿದ್ದರೆ ಡಾಕ್ಟರಿಗೆ ತೋರಿಸು ಎನ್ನುತ್ತಾಳೆ. ಇಲ್ಲವೆಂದವಳೊಬ್ಬಳನ್ನು ತಾನೇ ಆಟೋದಲ್ಲಿ ಕೂರಿಸಿಕೊಂಡು ಹೋದಳು.

ಒಲೆಯನ್ನು ಚಂಪಾ ಕಟ್ಟೆಯ ಮೇಲೆ ಏರಿಸಿದ್ದಾಳೆ. ಇಬ್ಬರೂ ನಿಂತು ರೊಟ್ಟಿ ಬಡಿಯುತ್ತಾರೆ. ನನ್ನ ಅಂಟುಪಟ್ಟಿ ಸವೆದು ಕಟ್ಟಿದರೆ ನಿಲ್ಲುವುದಿಲ್ಲ. ಉಕ್ಕಿನ ಪಟ್ಟಿಗಳನ್ನು ಕಿತ್ತು ಚಂಪಾ ಹಲಗೆಗೆ ಅಂಟಿದ ಹಿಟ್ಟು ಕೆರೆಯಲು ಇಟ್ಟುಕೊಂಡಳು. ಮೆತ್ತಗಿನ ಬಟ್ಟೆಯಾಗಿ ಉಳಿದ ನನ್ನನ್ನು ಮಡಚಿ ಒಲೆಯ ಮುಂದೆ ನೆಲದ ಮೇಲೆ ಹಾಕಿದ್ದಾಳೆ, ಅತ್ತೆಯ ಬಲಗಾಲಿಗೆ ನೆಲ ಒತ್ತಬಾರದೆಂದು.

ಒಮ್ಮೆ ಅವಳ ಇಡೀ ಸೊಂಟ ಹಿಡಿದಿದ್ದವನು ನಾನು. ಈಗ ಆ ಪಾದದ ಕೆಳಗಿದ್ದೇನೆ. ಅದರ ಭಾರ ನನಗೆ ತಿಳಿಯುತ್ತದೆ. ನಾನಿರುವುದು ಅದಕ್ಕೆ ತಿಳಿಯುವುದಿಲ್ಲ. ಅದಕ್ಕೇ ದುಂಡವ್ವ ಪ್ರತಿದಿನ ರೊಟ್ಟಿಗೆ ಕೈ ಹಾಕುವ ಮೊದಲು ಒಮ್ಮೆ ಸೀರೆಯ ನಿರಿಗೆ ಎತ್ತಿ ಕೆಳಗೆ ನೋಡಿಕೊಳ್ಳುತ್ತಾಳೆ, ಕಾಲು ನನ್ನ ಮೇಲಿದೆಯೋ ಇಲ್ಲವೋ ಎಂದು. ಇದೆ ಎಂದು ಕಂಡ ಮೇಲೆ ಒಂದು ಉಸಿರು ಬಿಡುತ್ತಾಳೆ. ಈಗ ಆ ಉಸಿರನ್ನು ಚಂಪಾಳೂ ಕೇಳುತ್ತಾಳೆ.