ಹಿತ್ತಿಲ ಬಾಗಿಲು ತಟ್ಟಿದ್ದು ಯಾರು?

ಹಾಡಹಗಲಲ್ಲಿ ಒಂದು ದೆವ್ವದ ಜೊತೆ ಮೂರು ದಿನ ಜಗಳವಾಡಿ ಗೆದ್ದವನು ನಾನು. ಅದು ಬಾಗಿಲು ತಟ್ಟುವುದು, ನಾನು ಮಿಷನ್ನು ಗುಡುಗಿಸುವುದು. ಕೊನೆಗೆ ದೆವ್ವವೇ ಕೈಮುಗಿದು, "ಸಾಕಪ್ಪಾ ನಿನ್ನ ಸಹವಾಸ" ಅಂತ ಹೊರಟುಹೋಯಿತು. ನಂಬದಿದ್ದರೆ ನನ್ನ ಹೆಂಡತಿಯನ್ನು ಕೇಳಿ. ಬೇಡ, ಅವಳನ್ನು ಕೇಳಬೇಡಿ. ನಾನೇ ಹೇಳುತ್ತೇನೆ.

ನನ್ನದು ಸೈಕಲ್ ರಿಪೇರಿ ಅಂಗಡಿ. ಬೀದಿಯವರು ನನ್ನನ್ನು ಬೆಲ್ಲು ಅನ್ನುತ್ತಾರೆ. ಸೈಕಲ್ ಇರಲಿ ಬಿಡಲಿ, ಬಾರಿಸುತ್ತಲೇ ಇರುತ್ತಾನಂತೆ. ಹೊಟ್ಟೆಕಿಚ್ಚು, ಇನ್ನೇನು! ಕಣ್ಣು ಕಟ್ಟಿಕೊಂಡು ನಿಮಿಷಕ್ಕೆ ಹನ್ನೊಂದು ಪಂಕ್ಚರ್ ಹಾಕುವ ಕೈ ಇದು. ನನ್ನ ಅಂಗಡಿಯಲ್ಲಿ ಪ್ರತಿ ಸಾಮಾನಿಗೂ ಒಂದು ಜಾಗ. ಮೊಳೆಯಲ್ಲಿ ಬ್ರೇಕ್ ತಂತಿಯ ಸುರುಳಿ. ಮಣೆಯ ಮೇಲೆ ಸ್ಪ್ಯಾನರುಗಳು. ಪಕ್ಕದಲ್ಲಿ ಬೀಸಣಿಗೆಯಂಥ ಕರೀ ಪ್ಲಾಸ್ಟಿಕ್ ತಟ್ಟೆ, ಅದರ ತುಂಬ ಗ್ರೀಸು ಹಚ್ಚಿದ ಬೇರಿಂಗ್ ಗುಂಡುಗಳು.

ನಮ್ಮ ಮನೆಗೆ ಒಂದು ಹಿತ್ತಿಲಿದೆ. ಇಪ್ಪತ್ತು ಹೆಜ್ಜೆ ಉದ್ದ, ಹದಿನೈದು ಹೆಜ್ಜೆ ಅಗಲ. ನನ್ನ ಮಾವ, ಅಂದರೆ ಹೆಂಡತಿಯ ಅಪ್ಪ, ಬದುಕಿದ್ದಾಗ ಅವರೇ ಕುಡುಗೋಲು ಹಿಡಿದು ನೆಲವನ್ನು ಅಂಗೈಯ ಹಾಗೆ ಇಟ್ಟುಕೊಂಡಿದ್ದರು. ಅವರು ಹೋದ ಮೇಲೆ ಹುಲ್ಲು ಎದ್ದುನಿಂತಿತು. ಆನೆ ಹೊಕ್ಕರೆ ಕಿವಿ ಕಾಣುತ್ತಿರಲಿಲ್ಲ. ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಾವಿನ ಪೊರೆ ಬಿದ್ದಿತ್ತು. ನನ್ನ ಹೆಂಡತಿ ಬಕೆಟ್ಟು ಅಲ್ಲೇ ಬಿಟ್ಟು ಒಳಗೆ ಬಂದಳು.

"ರೀ, ಚಿಕ್ಕದೊಂದು ಹುಲ್ಲು ಹೊಡೆಯೋ ಮಿಷನ್ ತನ್ನಿ. ನರ್ಸಕ್ಕನ ಮನೇಲಿದೆಯಲ್ಲ, ಅಂಥದ್ದು. ಮೊದಲು ಅವರನ್ನ ಒಂದು ಮಾತು ಕೇಳಿ."

ನರ್ಸಕ್ಕ ನಮ್ಮ ಪಕ್ಕದ ಮನೆಯವರು. ಕಣ್ಣಾಸ್ಪತ್ರೆಯಲ್ಲಿ ಕೆಲಸ.

"ಮಿಷನ್ ವಿಷಯ ನಾನು ಇಂಜೆಕ್ಷನ್ ಕೊಡೋರ ಹತ್ತಿರ ಕಲೀಬೇಕಾ?" ಅಂದೆ.

ಹಳೇ ಸಾಮಾನಿನ ಅಂಗಡಿಯಿಂದ ಒಂದು ದೈತ್ಯ ಮಿಷನ್ನು ಹೊತ್ತು ತಂದೆ. ಹೊಸ ಚಿಕ್ಕ ಮಿಷನ್ನಿಗಿಂತ ಅಗ್ಗ, ಅದರ ಎರಡರಷ್ಟು ಇಂಜಿನ್ನು. ಅದನ್ನು ಮಾರಿದವನೇ ಹುಲ್ಲು ಕತ್ತರಿಸುವ ನೈಲಾನ್ ದಾರದ ಬದಲು ಯಾವುದೋ ತಂತಿ ಕಟ್ಟಿ, ತಿರುಗುವ ತಲೆಗೆ ಮರೆಯಾಗಿದ್ದ ಗಾರ್ಡು ಕಳಚಿಟ್ಟುಕೊಂಡು, ನನ್ನ ಕೈಗೆ ಕೊಟ್ಟಿದ್ದ. ಎಂಥಾ ಮೋಸಗಾರ ನೋಡಿ.

ಈಗ ಆ ಹಿತ್ತಿಲ ಬಾಗಿಲಿನ ವಿಷಯ ಹೇಳಬೇಕು. ಮಾವನ ಕೋಣೆಗೆ ಎರಡು ಬಾಗಿಲು. ಒಂದು ಮನೆಯೊಳಗಿನಿಂದ, ಇನ್ನೊಂದು ಹಿತ್ತಿಲಿಗೆ. ಹಿತ್ತಿಲ ಕಡೆಯದು ಹಳೇ ಹಲಗೆಯದು. ನನ್ನ ಸೊಂಟದೆತ್ತರಕ್ಕೆ ಮರದ ಗಂಟು ಉದುರಿ, ಹೆಬ್ಬೆರಳು ಹೋಗುವಷ್ಟು ತೂತಾಗಿದೆ. ಮಾವ ಹಿತ್ತಿಲಿಂದ ಒಳಗೆ ಬರುವ ಮೊದಲು ಯಾವಾಗಲೂ ಮೂರು ಸಲ ತಟ್ಟುತ್ತಿದ್ದರು. ಟಕ್, ಟಕ್, ಟಕ್. ಅವರು ಹೋದ ದಿನ ಹೆಂಡತಿ ಆ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿದವಳು ಮತ್ತೆ ತೆಗೆದಿರಲಿಲ್ಲ.

ಮೊದಲ ದಿನ. ಮಧ್ಯಾಹ್ನ ಮೂರು ಗಂಟೆ. ಗಾಳಿ ಸತ್ತುಹೋಗಿತ್ತು. ಬೀದಿಯಲ್ಲಿ ನಾಯಿಯೂ ಇಲ್ಲ. ಹೆಂಡತಿ ಅಂಗಡಿ ನೋಡಿಕೊಳ್ಳುತ್ತಿದ್ದಳು. ಆರು ವರ್ಷದ ಮಗಳು ಚುಕ್ಕಿ ನಡುಮನೆಯಲ್ಲಿ ಮಲಗಿದ್ದಳು. ಹಗ್ಗ ಎಳೆದು ಮಿಷನ್ನು ಶುರುಮಾಡಿದೆ. ಹುಲ್ಲು ಅಡ್ಡಬಿತ್ತು. ಹಸಿ ವಾಸನೆ ಮೂಗಿಗೆ ಅಡರಿತು. ಬಾಗಿಲ ಹತ್ತಿರ ಹೋದಾಗ ಇಂಜಿನ್ನಿನ ಆರ್ಭಟದ ನಡುವೆಯೇ ಕೇಳಿಸಿತು.

ಟಕ್.

ತಲೆಯೆತ್ತಿದೆ. ಮಾವನ ಕೋಣೆಯ ಬಾಗಿಲು. ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ಮತ್ತೆ ಹುಲ್ಲಿಗೆ ಹಾಕಿದೆ. ಟಕ್. ಟಕ್. ಒಳಗಿನಿಂದ ಯಾರೋ ಬೆರಳಗೆಣ್ಣಿನಿಂದ ತಟ್ಟಿದ ಹಾಗೆ. ನನಗೇನು ಹೆದರಿಕೆಯಾಗಲಿಲ್ಲ. ಅಂಗಡಿ ನೆನಪಾಯಿತು, ಹೋದೆ, ಅಷ್ಟೆ.

ಎರಡನೇ ದಿನವೂ ಅದೇ ಹೊತ್ತು. ಹುಲ್ಲು ಹೊಡೆದಷ್ಟು ಹೊತ್ತೂ ಬಾಗಿಲು ಸದ್ದು ಮಾಡುತ್ತಿತ್ತು. ಪರೀಕ್ಷೆ ಮಾಡೋಣ ಅಂತ ಮಿಷನ್ನು ನಿಲ್ಲಿಸಿದೆ. ಬಾಗಿಲೂ ನಿಂತಿತು. ಹಿತ್ತಿಲೆಲ್ಲ ನಿಶ್ಶಬ್ದ. ಕತ್ತರಿಸಿದ ಹುಲ್ಲು ಬಿಸಿಲಿಗೆ ಮುದುಡುವುದು ಕೂಡ ಕೇಳಿಸುವಷ್ಟು. ನಾನು ಉಸಿರು ಬಿಟ್ಟೆ.

ಆಗ ಒಳಗಿನಿಂದ ಬಂತು. ಮೆಲ್ಲಗೆ. ಸಾವಕಾಶವಾಗಿ.

ಟಕ್. ಟಕ್. ಟಕ್.

ಮೂರು. ಸರಿಯಾಗಿ ಮೂರು.

ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ, "ಯಾಕ್ರೀ, ಮುಖ ಸುಣ್ಣದ ಹಾಗಿದೆ?" ಅಂದಳು. "ಬಿಸಿಲು" ಅಂದೆ. ಚುಕ್ಕಿ ತಟ್ಟೆಯಿಂದ ತಲೆಯೆತ್ತದೆ, "ಅಪ್ಪಾ, ನಾಳೆನೂ ಮಿಷನ್ ಹಾಕ್ತೀಯಾ?" ಅಂತ ಕೇಳಿದಳು. "ಯಾಕಮ್ಮ?" "ಸುಮ್ಮನೆ" ಅಂದು ನಕ್ಕಳು. ಆ ನಗು ನನಗೆ ಸರಿಕಾಣಲಿಲ್ಲ.

ಮೂರನೇ ದಿನ ನಾನು ಸಿಂಹದ ಹಾಗೆ ಹೋದೆ. ಬಾಗಿಲಿನಿಂದ ಎರಡು ಮಾರು ದೂರ ನಿಂತು ಮಿಷನ್ನು ಹಾಕಿದೆ. ಟಕ್ ಅಂತು. ಇನ್ನೂ ಒತ್ತಿದೆ. ಟಕ್, ಟಕ್. ಬಾಗಿಲನ್ನೇ ನೋಡುತ್ತಿದ್ದೆ. ಆ ತೂತು ಕಪ್ಪಗಿತ್ತು. ಆಮೇಲೆ ಕಪ್ಪಗಿರಲಿಲ್ಲ. ಅದರೊಳಗೆ ಏನೋ ಒದ್ದೆಯಾಗಿ ಹೊಳೆಯಿತು. ಹೊರಳಿತು. ರೆಪ್ಪೆ ಬಡಿಯಿತು.

ಕಣ್ಣು!

ನಾನು ಓಡಲಿಲ್ಲ. ಮಿಷನ್ನು ಆರಿಸಿ, ಕೆಳಗಿಟ್ಟು, ಸ್ವಲ್ಪ ಬೇಗ ನಡೆದೆ. ನಡುವೆ ಕಾಂಪೌಂಡ್ ಗೋಡೆ ಬಂತು, ಅದರ ಮೇಲೂ ನಡೆದೆ. ಆ ಕಡೆ ನರ್ಸಕ್ಕನ ಬಟ್ಟೆ ಒಣಗಿಸುವ ಹಗ್ಗ ನನ್ನ ಕುತ್ತಿಗೆಗೆ ಸಿಕ್ಕಿಕೊಂಡಿತು.

ನರ್ಸಕ್ಕ ಆಗ ತಾನೇ ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದರು. "ಏನೋ ಬೆಲ್ಲು, ನನ್ನ ಬೆಡ್‌ಶೀಟ್ ಉಟ್ಕೊಂಡು ಎಲ್ಲಿಗೆ ಹೊರಟೆ?"

"ಅಕ್ಕಾ, ಮಾವ. ಬಾಗಿಲು. ಕಣ್ಣು."

"ಕೂತ್ಕೋ. ಉಸಿರು ತಗೋ. ಈಗ ಒಂದೊಂದಾಗಿ ಹೇಳು."

ಹೇಳಿದೆ. ಅವರು ನಗಲಿಲ್ಲ. ಅದಕ್ಕೇ ನನಗೆ ಇನ್ನೂ ಭಯವಾಯಿತು. "ನಡಿ, ಮಿಷನ್ ತೋರಿಸು" ಅಂದರು. ನಾನು ದೆವ್ವ ಅಂದರೆ ಅವರು ಮಿಷನ್ ಅಂದರು!

ಹಿತ್ತಿಲಲ್ಲಿ ಮಿಷನ್ನು ಇನ್ನೂ ಬಿಸಿಯಾಗಿ ಬಿದ್ದಿತ್ತು. ಅದರ ತಲೆಯನ್ನು ನೋಡಿ ಅವರ ಮುಖ ಬಿಗಿಯಿತು. ನೇರ ಬಾಗಿಲ ಹತ್ತಿರ ಹೋದರು. ಕೈಯೆತ್ತಿ ತಟ್ಟಿದರು. ಟಕ್, ಟಕ್, ಟಕ್.

ಒಳಗಿನಿಂದ ಉತ್ತರ ಬಂತು. ಟಕ್, ಟಕ್, ಟಕ್.

ನನ್ನ ಮೈಮೇಲಿನ ಕೂದಲೆಲ್ಲ ನೆಟ್ಟಗೆ ನಿಂತವು. ನರ್ಸಕ್ಕ ಮಾತ್ರ ಬಗ್ಗಿ, ತೂತಿನ ಹತ್ತಿರ ಬಾಯಿಟ್ಟು, "ಚುಕ್ಕೀ?" ಅಂದರು.

"ಹ್ಞೂಂ."

"ಅಲ್ಲೇನು ಮಾಡ್ತಿದ್ದೀಯ ಮಗಾ?"

"ತಾತ ಬಂದಿದ್ದಾರೆ. ತಟ್ಟಿದ್ರು. ಅವರು ತಟ್ಟಿದ ಮೇಲೆ ನಾನು ಮೂರು ಸಲ ತಟ್ಟಬೇಕು. ಆಮೇಲೇ ಬಾಗಿಲು ತೆಗೆಯೋದು. ಅಗಳಿ ನನಗೆ ಎಟುಕಲ್ಲ. ಅದಕ್ಕೇ ನೋಡ್ತಿದ್ದೆ."

"ಎಲ್ಲಿಂದ ನೋಡ್ತಿದ್ದೆ?"

"ಈ ತೂತಿಂದ."

ನಾನು ಒಳಗಿನಿಂದ ಯಾರೋ ತಟ್ಟುತ್ತಿದ್ದಾರೆ ಅಂದುಕೊಂಡಿದ್ದೆ. ಮಗು ಹೊರಗಿನಿಂದ ತಾತ ತಟ್ಟುತ್ತಿದ್ದಾರೆ ಅಂದುಕೊಂಡಿತ್ತು. ಮೂರು ದಿನ ನಮ್ಮಿಬ್ಬರ ನಡುವೆ ಒಂದು ಹಲಗೆ ಮಾತ್ರ ಇತ್ತು.

ನರ್ಸಕ್ಕ ನನ್ನ ಕೈ ಹಿಡಿದು ಬಾಗಿಲ ಮೇಲೆ ಆಡಿಸಿದರು. ಹಲಗೆ ತುಂಬ ಗುಳಿ. ಕಲ್ಲು ಬಡಿದ ಗುಳಿ. ನಡುನಡುವೆ ಏನೋ ಬೆರಳಿಗೆ ಚುಚ್ಚಿತು. ಅವರು ತಲೆಪಿನ್ನು ತೆಗೆದು ಒಂದನ್ನು ಮೀಟಿದರು. ಗೇಣಿನ ಕಾಲುಭಾಗದಷ್ಟು ತಂತಿ ಎಳೆ, ಮರದೊಳಗೆ ಸೂಜಿಯ ಹಾಗೆ ಇಳಿದಿತ್ತು. ಇನ್ನೊಂದು ಆ ತೂತಿನ ಅಂಚಿಗೇ ನೆಟ್ಟಿತ್ತು. ತೂತಿಗೂ ಅದಕ್ಕೂ ಬೆಂಕಿಕಡ್ಡಿಯ ದಪ್ಪದಷ್ಟು ಅಂತರ.

"ಇದು ದೆವ್ವ ಅಲ್ಲ ಬೆಲ್ಲು" ಅಂದರು. "ದಾರದ ಜಾಗಕ್ಕೆ ತಂತಿ ಕಟ್ಟಿದರೆ ಅದು ತಿರುಗಿ ತಿರುಗಿ ತುಂಡಾಗುತ್ತೆ. ತುಂಡು ಎಲ್ಲಿಗೆ ಹಾರುತ್ತೆ ಅಂತ ಕಣ್ಣಿಗೆ ಕಾಣಲ್ಲ. ಗಾರ್ಡೂ ಇಲ್ಲ, ಕಲ್ಲೂ ಹಾರಿದೆ. ಹೋದ ತಿಂಗಳು ನಮ್ಮ ವಾರ್ಡಿಗೆ ಒಬ್ಬ ಬಂದಿದ್ದ. ಹುಲ್ಲು ಹೊಡೆದವನಲ್ಲ, ಬೇಲಿಯಾಚೆ ನಿಂತು ನೋಡಿದವನು. ಒಂದು ಕಣ್ಣು ಹೋಯ್ತು."

ನಾನು ಆ ತೂತಿನ ಮೇಲೆ ಅಂಗೈ ಇಟ್ಟು ಮುಚ್ಚಿದೆ.

"ಈ ತಂತಿ ಬ್ರೇಕ್ ತಂತಿ ಥರ ಇದೆಯಲ್ಲೋ?" ಅಂದರು.

"ಗೊತ್ತಿಲ್ಲಕ್ಕ. ಮಾರಿದವನು ಹಾಗೇ ಕೊಟ್ಟ."

ಸಂಜೆ ಹೆಂಡತಿಗೆ ಎಲ್ಲ ಗೊತ್ತಾಯಿತು. ಅವಳು ಚುಕ್ಕಿಯನ್ನು ಮಡಿಲಿಂದ ಇಳಿಸಲೇ ಇಲ್ಲ. "ಮಿಷನ್ನೇ ಬೇಡ, ಕೈಯಲ್ಲೇ ಕೀಳ್ತೀನಿ" ಅಂದಳು.

"ಹಾಗಲ್ಲಮ್ಮಾ," ಅಂದರು ನರ್ಸಕ್ಕ. "ಮಿಷನ್ ಇರಲಿ. ಸರಿಯಾದ್ದು ಇರಲಿ. ಇಷ್ಟು ಹಿತ್ತಿಲಿಗೆ ಇಪ್ಪತ್ತೈದು ಸಿಸಿ ಆಸುಪಾಸಿನ ಇಂಜಿನ್ನು ಧಾರಾಳ ಸಾಕು."

"ದೊಡ್ಡದಾದ್ರೆ ಬೇಗ ಮುಗಿಯುತ್ತಲ್ಲಕ್ಕ?" ಅಂದೆ ನಾನು.

"ಸೊಳ್ಳೆ ಹೊಡೆಯೋಕೆ ಸುತ್ತಿಗೆ ತಗೋತೀಯಾ? ಭಾರ ಜಾಸ್ತಿ, ಕೈ ಬೇಗ ಸೋಲುತ್ತೆ, ಸೋತ ಕೈ ಜಾರುತ್ತೆ. ನಾಳೆ ಮಿಷನ್ ಅಂಗಡಿಗೆ ನಾನೂ ಬರ್ತೀನಿ."

ಮರುದಿನ ಮಿಷನ್ ಅಂಗಡಿಯಲ್ಲಿ ನನ್ನ ಕೈ ಸೀದಾ ಅತಿ ದೊಡ್ಡ ಮಿಷನ್ನಿಗೇ ಹೋಯಿತು. ನರ್ಸಕ್ಕ ಆ ಕೈಗೆ ಒಂದು ಏಟು ಕೊಟ್ಟರು. ಚಿಕ್ಕದೊಂದನ್ನು ನನ್ನ ಹೆಂಡತಿಯ ಹೆಗಲಿಗೆ ಹಾಕಿ, "ಹೀಗೇ ಹತ್ತು ನಿಮಿಷ ನಿಲ್ಲಮ್ಮಾ. ನೋವಾದ್ರೆ ಇದು ನಿಮ್ಮ ಮಿಷನ್ ಅಲ್ಲ" ಅಂದರು. ಅಷ್ಟರಲ್ಲಿ ಅಂಗಡಿಯವನನ್ನು ಕೇಳಿದ್ದೇ ಕೇಳಿದ್ದು. ಗಾರ್ಡು ಗಟ್ಟಿ ಇದೆಯಾ? ಬೆರಳಿಗೆ ಸಿಗುವ ಹಾಗೆ ಸ್ವಿಚ್ ಇದೆಯಾ? ಇದರ ದಾರ ನಿಮ್ಮಲ್ಲೇ ಯಾವಾಗಲೂ ಸಿಗುತ್ತಾ? ಕೆಟ್ಟರೆ ರಿಪೇರಿ ಈ ಪೇಟೆಯಲ್ಲೇ ಆಗುತ್ತಾ?

"ಮಿಷನ್ ಅಗ್ಗ ಇದ್ದು ದಾರ ಸಿಗದಿದ್ದರೆ ಅದು ಅಗ್ಗ ಅಲ್ಲ" ಅಂದರು. ನಾನು ಯಾಕೋ ಕೆಮ್ಮಿದೆ.

"ಪೆಟ್ರೋಲು ಸುಮ್ಮನೆ ಸುರಿದರೆ ಆಯ್ತಾ?" ಹೆಂಡತಿ ಕೇಳಿದಳು.

"ಇದು ಟೂ ಸ್ಟ್ರೋಕು ಅಮ್ಮಾ," ಅಂದ ಅಂಗಡಿಯವನು. "ಮಿಷನ್ ಜೊತೆ ಬರೋ ಪುಸ್ತಕದಲ್ಲಿ ಹೇಳಿದ ಅಳತೆಗೆ ಆಯಿಲ್ ಬೆರೆಸಬೇಕು. ಬರೀ ಪೆಟ್ರೋಲ್ ಹಾಕಿದ್ರೆ ಇಂಜಿನ್ ಒಳಗೇ ಹಿಡ್ಕೊಂಡು ನಿಂತುಬಿಡುತ್ತೆ. ಫೋರ್ ಸ್ಟ್ರೋಕ್ ಆದ್ರೆ ಆಯಿಲ್ಲಿಗೆ ಬೇರೆ ಜಾಗ. ಎರಡರಲ್ಲೂ ಇಂಜಿನ್ ತಣ್ಣಗಾಗದೆ ಪೆಟ್ರೋಲ್ ತುಂಬಬೇಡಿ. ದಾರ ಸವೆದಾಗ ತಿರುಗ್ತಿರೋ ತಲೆಯನ್ನ ನೆಲಕ್ಕೆ ಮೆಲ್ಲಗೆ ತಟ್ಟಿ, ಹೊಸ ದಾರ ಹೊರಗೆ ಬರುತ್ತೆ. ಜಾಸ್ತಿ ಬಂದದ್ದನ್ನ ಗಾರ್ಡಿನಲ್ಲಿರೋ ಚಿಕ್ಕ ಬ್ಲೇಡು ಕತ್ತರಿಸುತ್ತೆ."

ಭಾನುವಾರ ಹುಲ್ಲು ಹೊಡೆದೆವು. ಮೊದಲು ಕಲ್ಲು, ಗಾಜು, ತಗಡು ಆರಿಸಿದೆವು. ಕನ್ನಡಕ, ಬೂಟು, ಉದ್ದ ಪ್ಯಾಂಟು, ಕಿವಿಗೆ ಮುಚ್ಚಳ. ಚುಕ್ಕಿ ಬೀದಿಯಾಚೆ ನರ್ಸಕ್ಕನ ತಂಗಿಯ ಮನೆಯಲ್ಲಿ. ಐವತ್ತು ಅಡಿಯೊಳಗೆ ಯಾರೂ ಇರಬಾರದು ಅಂತ ನರ್ಸಕ್ಕನ ಅಪ್ಪಣೆಯಾಗಿತ್ತು. ನಾನು ಅರ್ಧ, ಹೆಂಡತಿ ಅರ್ಧ. ಬಾಗಿಲು ಒಂದು ಸಲವೂ ಸದ್ದು ಮಾಡಲಿಲ್ಲ. ಹೀಗೆ ನಾನು ದೆವ್ವವನ್ನು ಗೆದ್ದೆ.

ಇಲ್ಲಿಯವರೆಗೆ ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ. ಅವಳ ಮಹಿಳಾ ಸಂಘದಲ್ಲಿ ಓದುವುದಕ್ಕೇ ಬರೆದದ್ದು. ಅವಳು ಎದ್ದು ಅಂಗಡಿಗೆ ಹೋದಳು. ಆ ಬೀಸಣಿಗೆಯಂಥ ಕರೀ ತಟ್ಟೆಯನ್ನು ತಂದು, ಬೇರಿಂಗ್ ಗುಂಡುಗಳನ್ನು ನನ್ನ ಮಡಿಲಿಗೆ ಸುರಿದು, ತಟ್ಟೆಯನ್ನು ಹಳೇ ಮಿಷನ್ನಿನ ತಲೆಯ ಹತ್ತಿರ ಹಿಡಿದಳು. ತೂತಿಗೆ ತೂತು, ಸ್ಕ್ರೂಗೆ ಸ್ಕ್ರೂ ಕೂತಿತು.

"ಇದೇನ್ರೀ?"

"ತಟ್ಟೆ."

"ರೀ."

"...ಗಾರ್ಡು."

ಸರಿ. ಬರೆಯುತ್ತೇನೆ. ಮಾರಿದವನು ಮೋಸಗಾರನಲ್ಲ. ಗಾರ್ಡು ಕೊಟ್ಟಿದ್ದ, ಒಂದು ಸುರುಳಿ ನೈಲಾನ್ ದಾರ ಕೊಟ್ಟಿದ್ದ, "ತಂತಿ ಮಾತ್ರ ಕಟ್ಟಬೇಡಿ" ಅಂತ ಎರಡು ಸಲ ಹೇಳಿದ್ದ. ತಂದ ದಿನವೇ ಬಟ್ಟೆ ಒಗೆಯುವ ಕಲ್ಲಿಗೆ ಬಡಿದು ಬಡಿದು ದಾರ ಒಂದೇ ಗಂಟೆಯಲ್ಲಿ ಮುಗಿಯಿತು. ಆ ದಪ್ಪದ ದಾರ ನಮ್ಮ ಪೇಟೆಯಲ್ಲಿ ಸಿಗಲಿಲ್ಲ. ನರ್ಸಕ್ಕನನ್ನು ಕೇಳುವುದಕ್ಕೆ ನಾಚಿಕೆ. ಸೈಕಲ್ಲನ್ನೇ ನಿಲ್ಲಿಸುವ ತಂತಿ ಹುಲ್ಲಿಗೆ ಸೋಲುತ್ತದೆಯೇ ಅಂತ ನನ್ನ ಮೊಳೆಯಿಂದ ಬ್ರೇಕ್ ತಂತಿ ತೆಗೆದು ನಾನೇ ಕಟ್ಟಿದೆ. ತಂತಿ ಗಾರ್ಡಿಗೆ ತಾಗುತ್ತಿತ್ತು, ಗಾರ್ಡನ್ನೂ ನಾನೇ ಕಳಚಿದೆ. ಹುಲ್ಲು ಆನೆಯೆತ್ತರ ಇರಲಿಲ್ಲ, ಮೊಣಕಾಲೆತ್ತರ ಇತ್ತು. ನಾನು ಓಡಿದ್ದೂ ನಿಜ.

ಓದುವವರೇ, ಕೇಳುವವರೇ, ನನ್ನ ಬೇರೆ ಮಾತು ಒಂದನ್ನೂ ನಂಬಬೇಡಿ, ಇದೊಂದನ್ನು ನಂಬಿ. ಹಿತ್ತಿಲು ಚಿಕ್ಕದಾದರೆ ಮಿಷನ್ನೂ ಚಿಕ್ಕದಿರಲಿ. ದಾರ ಸಿಗುವ ಮಿಷನ್ನನ್ನೇ ಕೊಳ್ಳಿ. ತಂತಿ ಕಟ್ಟಬೇಡಿ, ಗಾರ್ಡು ಕಳಚಬೇಡಿ. ಹಗ್ಗ ಎಳೆಯುವ ಮೊದಲು ನಿಮ್ಮ ಮಕ್ಕಳು ಎಲ್ಲಿದ್ದಾರೆ ಅಂತ ಕಣ್ಣಾರೆ ನೋಡಿ ಬನ್ನಿ. ಮಲಗಿದ್ದಾರೆ ಅಂದುಕೊಳ್ಳಬೇಡಿ.

ಆ ಬಾಗಿಲಿನ ತೂತಿಗೆ ಟಯರಿನ ತುಂಡು ಇಟ್ಟು ಮೊಳೆ ಹೊಡೆದಿದ್ದೇನೆ. ಚುಕ್ಕಿ ಎರಡು ದಿನ ಮಾತು ಬಿಟ್ಟಿದ್ದಳು. ಆಮೇಲೆ "ತಾತ ಇನ್ನು ಬರಲ್ವಾ?" ಅಂತ ಒಂದೇ ಪ್ರಶ್ನೆ. ಈಗ ಹುಲ್ಲು ಹೊಡೆದು, ಮಿಷನ್ನು ಆರಿಸಿ, ಅವಳು ಮನೆಗೆ ಬಂದ ಮೇಲೆ, ಹಿತ್ತಿಲ ಕಡೆಯಿಂದ ನಾನೇ ಹೋಗಿ ಮೂರು ಸಲ ತಟ್ಟುತ್ತೇನೆ. ಚುಕ್ಕಿ ಒಳಗಿನಿಂದ ಮೂರು ಸಲ ತಟ್ಟಿದ ಮೇಲೇ ಹೆಂಡತಿ ಅಗಳಿ ತೆಗೆಯುವುದು.