ಕೊಣನೂರು ಬಂಡೆಯ ಒಂದು ಮೀಟರ್

ರಾಷ್ಟ್ರೀಯ ಸರ್ವೆಗಾಗಿ ಹತ್ತೊಂಬತ್ತು ವರ್ಷಗಳ ಹಿಂದೆ ಕೊಣನೂರಿನ ಬಂಡೆಗೆ ಹಿತ್ತಾಳೆ ಮೊಳೆ ಹೊಡೆಸಿ, ಉಪಗ್ರಹಗಳ ನೆರವಿನಿಂದ ಅದರ ಜಾಗ ಅಳೆದವಳು ನಾನೇ. ಈಗ ಅದೇ ಮೊಳೆಯ ಮೇಲೆ ಯಂತ್ರ ನಿಲ್ಲಿಸಿದರೆ ಹಳೆಯ ಅಂಕಿಗಿಂತ ಒಂದು ಮೀಟರ್ ಈಶಾನ್ಯಕ್ಕೆ ತೋರಿಸಿತು.

"ಸ್ನೇಹಲತಾ ಮೇಡಂ, ಹಳೇದು ತಪ್ಪು ಅಳತೆ ಅಂತ ಬರೆದು ಕೈಬಿಡೋಣ," ಎಂದರು ನಮ್ಮ ಅಧಿಕಾರಿ ಗೌರೀಶ. "ಆಗ ನೀವು ಏಳು ತಿಂಗಳ ಬಸುರಿಯಂತೆ. ಆ ಸ್ಥಿತೀಲಿ ಸಹಜ ಬಿಡಿ."

ಕರುಣೆಯಂತೆ ಆಡಿದ ಆ ಮಾತು ನನಗೆ ಹೊಸದಲ್ಲ. ಆಗಲೂ ನನ್ನ ಅಂಕಿಗಳನ್ನು ಮಾತ್ರ ಇನ್ನೊಬ್ಬರ ಕೈಲಿ ಎರಡನೇ ಸಲ ಕೂಡಿಸುತ್ತಿದ್ದರು. ಮನೆಯ ಎಷ್ಟೋ ವಿಷಯಗಳಲ್ಲಿ ನಾನು ನನ್ನನ್ನೇ ಅನುಮಾನಿಸಿದ್ದುಂಟು. ಅಳತೆಯಲ್ಲಿ ಎಂದೂ ಇಲ್ಲ.

ಮೊಳೆಯನ್ನು ಯಾರಾದರೂ ಕಿತ್ತು ಬೇರೆ ಕಡೆ ಹೊಡೆದರಾ ಎಂದು ಬಂಡೆಯಿರುವ ಹೊಲದ ಒಡತಿ ಮಾಯಮ್ಮನನ್ನು ಕೇಳಿದೆ.

"ಯಾರು ಕೀಳ್ತಾರವ್ವ? ವರ್ಸಾ ವರ್ಸಾ ಇದರ ಮ್ಯಾಲೇ ರಾಗಿ ಒಣಗಾಕ್ತೀನಿ. ಗುಡಿಸಿ ಗುಡಿಸಿ ಪೊರಕೆ ಸವೀತು, ಅದು ಅಲ್ಲಾಡ್ನಿಲ್ಲ ಕಣವ್ವ. ಬಂಡೆ ಎಲ್ಲೂ ಓಡೋಗಿಲ್ಲ ಅಂತ ನಿಮ್ ಸಾಯೇಬ್ರಿಗೆ ಯೋಳು."

ಮಾರನೇ ದಿನ ಮೊಸಳೆ ಎಂಬ ಊರಿಗೆ, ಆಮೇಲೆ ನುಗ್ಗೇಹಳ್ಳಿಗೆ ಹೋದೆ. ಅಲ್ಲಿಯ ಮೊಳೆಗಳನ್ನು ಅದೇ ವರ್ಷ ಅಳೆದವರು ಹಿರಿಯ ಸರ್ವೇಯರ್ ಅಭಯಕುಮಾರ. ಎರಡೂ ಕಡೆ ಅದೇ ಒಂದು ಮೀಟರ್, ಅದೇ ಈಶಾನ್ಯ.

"ಅಭಯಕುಮಾರರೂ ಆಗ ಬಸುರಿಯಾಗಿದ್ದರಾ ಸಾರ್?" ಎಂದು ಕೇಳಿದೆ.

ಗೌರೀಶ ಕನ್ನಡಕ ಒರೆಸಿಕೊಂಡರು. "ಹಾಗಾದ್ರೆ ಯಂತ್ರ ಕೆಟ್ಟಿದೆ."

"ಯಂತ್ರ ಸರಿಯಿದೆ. ನೆಲ ಸರಿದಿದೆ. ಇಡೀ ದೇಶವನ್ನ ಹೊತ್ತಿರೋ ಭೂಫಲಕವೇ ವರ್ಷಕ್ಕೆ ಐದು ಸೆಂಟಿಮೀಟರಿನಷ್ಟು ಈಶಾನ್ಯಕ್ಕೆ ಹೋಗುತ್ತೆ. ಬಂಡೆ, ಹೊಲ, ಈ ಕಚೇರಿ ಎಲ್ಲ ಒಟ್ಟಿಗೇ ಹೋಗೋದರಿಂದ ಇಲ್ಲಿ ಯಾರ ಗಡಿಯೂ ಬದಲಾಗಲ್ಲ. ಉಪಗ್ರಹಕ್ಕೆ ಮಾತ್ರ ಕಾಣುತ್ತೆ. ನಾವು ಅಳೆದ ದಿನಾಂಕ ನೋಡದೆ ಹಳೇ ಅಂಕಿಯನ್ನ ಹೊಸದರಿಂದ ಕಳೆದುಬಿಟ್ವಿ."

ದಿನಾಂಕ ಸೇರಿಸಿ, ಅಷ್ಟು ವರ್ಷಗಳಲ್ಲಿ ನೆಲ ಸರಿದದ್ದನ್ನು ಕಳೆದು ಲೆಕ್ಕ ಹಾಕಿದೆವು. ಕೊಣನೂರಿನಲ್ಲಿ ಉಳಿದ ವ್ಯತ್ಯಾಸ ಎರಡೇ ಸೆಂಟಿಮೀಟರ್. ಅಭಯಕುಮಾರರದು ಮೂರು.

"ಸರಿ ಮೇಡಂ, ಒಪ್ಪಿದೆ," ಎಂದು ಗೌರೀಶ ಎದ್ದರು. "ಊಟ ಮಾಡ್ಕೊಂಡು ಬಂದು ವರದಿ ತಿದ್ದುತ್ತೀನಿ."

ಅವರ ಕಂಪ್ಯೂಟರ್ ಪರದೆಯ ಮೇಲೆ ನನ್ನ ಹೆಸರಿನ ಮುಂದೆ ಅವರು ಬರೆದಿದ್ದ 'ತಪ್ಪು ಅಳತೆ' ಇನ್ನೂ ಇತ್ತು. ನಾನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ.

"ತಿದ್ದಿ ಹೋಗಿ ಸಾರ್. ನನಗೇನೂ ಅವಸರವಿಲ್ಲ."

ಅವರು ಮತ್ತೆ ಕೂತು, ಒಂದೊಂದೇ ಅಕ್ಷರ ಅಳಿಸತೊಡಗಿದರು.