ಬಟ್ಟಲಿನ ಅಂಚು

"ಹೊಲಿಯೋದು ಬೇಡ. ಕತ್ತರಿಸಿ ತೆಗೆದುಬಿಡು," ಎಂದಳು ರೊವೀನಾ.

ಸರ್ಜನ್ ಹ್ಯಾಮಿಶ್ ನಕ್ಕುಬಿಟ್ಟ. "ಚೆನ್ನಾಗಿದೆ! ಕತ್ತರಿಸಬೇಡ್ರಪ್ಪಾ ಅಂತ ನಮಗೆಲ್ಲ ಪಾಠ ಹೇಳಿದ್ದು ನೀನೇ ಅಲ್ವಾ ತಾಯಿ?"

ನಿಜವೇ. ಅಡಿಲೇಡಿನ ಪ್ರಯೋಗಾಲಯದಲ್ಲಿ ಅವಳ ಕೆಲಸವೇ ಅದು. ಸತ್ತವರು ದಾನ ಕೊಟ್ಟ ಸೊಂಟದ ಕೀಲುಗಳನ್ನು ಯಂತ್ರಕ್ಕೆ ಬಿಗಿದು ಎಳೆಯುವುದು. ಸೊಂಟದ ಮೂಳೆಯ ಬಟ್ಟಲಿಗೆ ಮೆತ್ತನೆಯ ಅಂಚೊಂದಿರುತ್ತದೆ. ಅದು ತೊಡೆಮೂಳೆಯ ಗುಂಡನ್ನು ಹೀರಿ ಹಿಡಿದಿರುತ್ತದೆ. ಎಳೆದರೆ ಟಪ್ಪೆಂದು ಸದ್ದು ಮಾಡಿಯೇ ಅದು ಗುಂಡನ್ನು ಬಿಟ್ಟುಕೊಡುವುದು. ಹರಿದ ಅಂಚನ್ನು ಹೊಲಿದರೆ ಹಿಡಿತ ಬಹುಪಾಲು ಮರಳುತ್ತದೆ. ಕತ್ತರಿಸಿದರೆ ಇಲ್ಲ. ಈಗ ಹರಿದಿದ್ದು ಅವಳದೇ ಸೊಂಟದ ಅಂಚು.

"ಕತ್ತರಿಸಿದ್ರೆ ಬೇಗ ಓಡಾಡ್ತೀನಿ. ಹೊಲಿದ್ರೆ ಆರು ವಾರ ಊರುಗೋಲು. ಒಂದು ಲೋಟ ಚಹಾನೂ ಕೈಲಿ ಹಿಡ್ಕೊಂಡು ಹೋಗೋಕಾಗಲ್ಲ."

"ಮನೇಲಿ ಯಾರಿದ್ದಾರೆ?"

"ಫ್ರಿಜ್ ಇದೆ."

ಈ ಸಲ ಹ್ಯಾಮಿಶ್ ನಗಲಿಲ್ಲ. "ಯಾವುದು ಮಾಡಿದ್ರೂ ಮೊದಲ ರಾತ್ರಿ ಒಬ್ಬರು ಜೊತೆಗಿರಲೇಬೇಕು. ಅವರ ಹೆಸರು ಹೇಳು, ಆಮೇಲೆ ದಿನ ಗೊತ್ತುಮಾಡೋಣ."

ಕುಂಟುತ್ತಾ ಪ್ರಯೋಗಾಲಯಕ್ಕೆ ಬಂದಳು. ಯಂತ್ರ ನೋಡಿಕೊಳ್ಳುವ ನೆವ್ ಮಾಂಸದ ಪೈ ತಿನ್ನುತ್ತಿದ್ದ.

"ಏನಂದ ನಿನ್ನ ಕಟುಕ?"

"ಕೆಲಸ ನೋಡು ಮುದುಕಾ."

ಅಂದಿನ ಸರದಿ ಅಂಚು ಕತ್ತರಿಸಿದ ಕೀಲಿನದು. ಯಂತ್ರ ಎಳೆಯಿತು. ಸದ್ದೇ ಇಲ್ಲ. ಗುಂಡು ಸುಮ್ಮನೆ ಜಾರಿ ಹೊರಬಂತು, ತಡೆಯುವವರು ಯಾರೂ ಇಲ್ಲದಂತೆ. ಇದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಇವತ್ತು ಮಾತ್ರ ನೋಡಲಾಗಲಿಲ್ಲ.

"ನೆವ್, ಆಪರೇಷನ್ ಆದ ರಾತ್ರಿ ನಮ್ಮನೇಲಿ ಇರ್ತೀಯಾ?"

"ಅಯ್ಯಯ್ಯೋ! ನನ್ನ ಹೆಂಡ್ತಿ ಏನಂದ್ಕೋಬೇಕು?" ಎಂದು ಕಣ್ಣು ಹೊಡೆದವನು ಅವಳ ಮುಖ ನೋಡಿ ಪೈ ಕೆಳಗಿಟ್ಟ. "ಇರ್ತೀನಿ. ಅವಳನ್ನೂ ಕರ್ಕೊಂಡು ಬರ್ತೀನಿ, ಸೂಪ್ ಚೆನ್ನಾಗಿ ಮಾಡ್ತಾಳೆ." ಆಮೇಲೆ ತಲೆ ಕೆರೆದುಕೊಂಡ. "ಅಲ್ಲಾ ಮಾರಾಯ್ತಿ, ನಿನ್ನ ಮನೆ ಇರೋದೆಲ್ಲಿ?"

ಒಂದೇ ಮೇಜಿನ ಆಚೀಚೆ ಅವರು ಒಂಬತ್ತು ವರ್ಷ ಕೆಲಸ ಮಾಡಿದ್ದರು.

ರೊವೀನಾ ಬೀದಿಯ ಹೆಸರು ಹೇಳಿದಳು. ಬಳಿಕ ಹ್ಯಾಮಿಶನಿಗೆ ನೆವ್‌ನ ಹೆಸರು ಕಳಿಸಿ, ಕೆಳಗೆ 'ಹೊಲಿ' ಎಂದು ಸೇರಿಸಿದಳು. ಎರಡನೆಯ ರಾತ್ರಿಯ ವಿಷಯ ನೆವ್ ಕೇಳಲಿಲ್ಲ. ಅವಳು ಗುಂಡನ್ನು ಎತ್ತಿ ಮತ್ತೆ ಬಟ್ಟಲಿಗೆ ಕೂರಿಸತೊಡಗಿದಳು.